ಲೇಬಲ್ಲಿನಲ್ಲಿ ಬರೆಯದ ಔಷಧ: ಒಬ್ಬ ಲೆಕ್ಕಪರಿಶೋಧಕ ಓದಿದ ಇತಿಹಾಸ



ಆರೋಗ್ಯದ ವಿಷಯದ ಮೇಲೆ ದಿಕ್ಸೂಚಿ ಭಾಷಣ ಮಾಡಲು ಚಾರ್ಟರ್ಡ್ ಅಕೌಂಟೆಂಟ್ ಒಬ್ಬನನ್ನು ಯಾಕೆ ಕರೆದರು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನಾನು ವೈದ್ಯನಲ್ಲ. ಯಾವ ಮಾತ್ರೆ ತೆಗೆದುಕೊಳ್ಳಬೇಕು ಎಂದು ಹೇಳುವ ಅಧಿಕಾರ ನನಗಿಲ್ಲ, ಹೇಳುವುದೂ ಇಲ್ಲ. ಆದರೆ ಒಂದು ಕಾಗದದ ಮೇಲೆ ಬರೆದದ್ದಕ್ಕೂ ಗೋದಾಮಿನಲ್ಲಿ ನಿಜವಾಗಿ ಇರುವುದಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವುದು ನನ್ನ ವೃತ್ತಿ. ಇವತ್ತಿನ ವಿಷಯವೂ ಅದೇ. ತೂಕ ಇಳಿಸುವ ಕ್ಯಾಪ್ಸೂಲ್, ಮೈಕಟ್ಟಿನ ಪುಡಿ, ಮಂಡಿನೋವಿನ ಗುಳಿಗೆ, 'ಶಕ್ತಿವರ್ಧಕ' ಎಂದು ಮಾರುವ ಡಬ್ಬಿ, ಇವುಗಳ ಮೇಲೆ ಬರೆದಿರುವುದು ಒಂದು, ಒಳಗಿರುವುದು ಇನ್ನೊಂದು ಆಗಿರುವ ಕಥೆ ಇದು. ಇದಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಆ ಇತಿಹಾಸದಲ್ಲಿ ನಮ್ಮ ಉಡುಪಿ ಜಿಲ್ಲೆಯ ಹೆಣ್ಣುಮಗಳೊಬ್ಬಳ ಹೆಸರೂ ಇದೆ.

ಒಂದೇ ವರ್ಷ, ಎರಡು ಪಾಠ

ಅಮೆರಿಕದಲ್ಲಿ 1906ರಲ್ಲಿ ಆಹಾರ ಮತ್ತು ಔಷಧಗಳ ಮೊದಲ ದೊಡ್ಡ ಕಾನೂನು ಬಂತು. ಅದು ಮುಖ್ಯವಾಗಿ ಲೇಬಲ್ಲಿನ ಕಾನೂನು. ಸುಳ್ಳು ಬರೆಯಬಾರದು, ಕಲಬೆರಕೆ ಮಾಡಬಾರದು ಎನ್ನುತ್ತಿತ್ತು. ಔಷಧ ಸುರಕ್ಷಿತವೇ ಎಂದು ಮಾರುವ ಮೊದಲು ತೋರಿಸಿ ಎಂದು ಅದು ಕೇಳುತ್ತಿರಲಿಲ್ಲ.

1937ರಲ್ಲಿ ಟೆನೆಸ್ಸಿಯ ಮ್ಯಾಸೆಂಗಿಲ್ ಕಂಪನಿ ಸಲ್ಫಾನಿಲಮೈಡ್ ಎಂಬ ಔಷಧವನ್ನು ಕುಡಿಯುವ ದ್ರವವಾಗಿ ಮಾರಿತು. ಅದನ್ನು ಕರಗಿಸಲು ಕಂಪನಿಯ ರಸಾಯನಶಾಸ್ತ್ರಜ್ಞ ಆರಿಸಿಕೊಂಡದ್ದು ಡೈಎಥಿಲೀನ್ ಗ್ಲೈಕಾಲ್. ರುಚಿ, ಬಣ್ಣ, ಪರಿಮಳ ಎಲ್ಲವನ್ನೂ ಪರೀಕ್ಷಿಸಿದರು, ವಿಷವೇ ಎಂದು ಮಾತ್ರ ನೋಡಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೂ ಅನೇಕರು. ಒಟ್ಟು 240 ಗ್ಯಾಲನ್ ತಯಾರಾಗಿತ್ತು. ಔಷಧ ಇಲಾಖೆಯ ಸಿಬ್ಬಂದಿ ಊರೂರು ಅಲೆದು ಅದರಲ್ಲಿ ಬಹುಪಾಲನ್ನು ವಾಪಸು ತಂದರು. ಮಿಕ್ಕ ಕೆಲವೇ ಗ್ಯಾಲನ್ನುಗಳು ಇಷ್ಟು ಅನಾಹುತ ಮಾಡಿದ್ದವು.

ಕಂಪನಿಯನ್ನು ಕಾನೂನು ಹಿಡಿದದ್ದು ಯಾವ ಆಧಾರದ ಮೇಲೆ ಗೊತ್ತೇ? ಜನ ಸತ್ತರೆಂದಲ್ಲ. ಬಾಟಲಿಯ ಮೇಲೆ 'ಎಲಿಕ್ಸಿರ್' ಎಂದು ಬರೆದಿತ್ತು. ಎಲಿಕ್ಸಿರ್ ಎಂದರೆ ಅದರಲ್ಲಿ ಆಲ್ಕೋಹಾಲ್ ಇರಬೇಕು, ಇದರಲ್ಲಿ ಇರಲಿಲ್ಲ, ಆದ್ದರಿಂದ ಲೇಬಲ್ ತಪ್ಪು! 26,100 ಡಾಲರ್ ದಂಡ. 'ದ್ರಾವಣ' ಎಂದು ಬರೆದಿದ್ದರೆ ಆ ದಂಡವನ್ನು ಹಾಕಲೂ ದಾರಿ ಇರಲಿಲ್ಲ. ಇದಾದ ಮೇಲೆ 1938ರ ಜೂನ್‌ನಲ್ಲಿ ಹೊಸ ಕಾನೂನು ಬಂತು. ಹೊಸ ಔಷಧ ಸುರಕ್ಷಿತ ಎಂದು ಮೊದಲು ತೋರಿಸಿ, ಆಮೇಲೆ ಮಾರಿ ಎಂಬ ನಿಯಮ ಅಲ್ಲಿಂದ ಶುರು.

ಅದೇ 1938ರ ಡಿಸೆಂಬರ್‌ನಲ್ಲಿ ಅದೇ ದೇಶದಲ್ಲಿ ಇನ್ನೊಂದು ಪ್ರಕರಣ ಹೊರಬಿತ್ತು. ಇದನ್ನು ನಮ್ಮ ವೃತ್ತಿಯವರು ಪಾಠವಾಗಿ ಓದಿರುತ್ತಾರೆ: ಮೆಕೆಸನ್ ಅಂಡ್ ರಾಬಿನ್ಸ್. ಅದೂ ಔಷಧ ಕಂಪನಿಯೇ. ಅದರ ಅಧ್ಯಕ್ಷ ಡೊನಾಲ್ಡ್ ಕಾಸ್ಟರ್ ಎಂಬವನ ನಿಜವಾದ ಹೆಸರು ಫಿಲಿಪ್ ಮ್ಯೂಸಿಕಾ. ಪಾನನಿಷೇಧದ ಕಾಲದಲ್ಲಿ ಕೂದಲಿನ ಟಾನಿಕ್ ತಯಾರಿಸುವ ನೆಪದಲ್ಲಿ ಆಲ್ಕೋಹಾಲ್ ಪಡೆದು ಕಳ್ಳಭಟ್ಟಿಯವರಿಗೆ ದಾಟಿಸುತ್ತಿದ್ದ ಮನುಷ್ಯ. ಅವನ ಕಂಪನಿಯ ಆಸ್ತಿಪಟ್ಟಿಯಲ್ಲಿ ಕೆನಡಾದ ಗೋದಾಮುಗಳಲ್ಲಿ ಕಚ್ಚಾ ಔಷಧ ಸಾಮಗ್ರಿ ಇದೆ ಎಂದು ಬರೆದಿತ್ತು. ಗೋದಾಮೂ ಇರಲಿಲ್ಲ, ಸಾಮಗ್ರಿಯೂ ಇರಲಿಲ್ಲ. ಸುಮಾರು 87 ಮಿಲಿಯನ್ ಡಾಲರ್ ಆಸ್ತಿಯಲ್ಲಿ 19 ಮಿಲಿಯನ್ ಬರೀ ಕಾಗದ. ಲೆಕ್ಕಪರಿಶೋಧಕರು ವರ್ಷವರ್ಷವೂ ಸಹಿ ಹಾಕಿದ್ದರು. ಯಾಕೆಂದರೆ ಆ ಕಾಲದ ಪದ್ಧತಿಯಲ್ಲಿ ದಾಸ್ತಾನನ್ನು ಕಣ್ಣಾರೆ ನೋಡಬೇಕಾದ ಕಡ್ಡಾಯವಿರಲಿಲ್ಲ, ಆಡಳಿತ ಕೊಟ್ಟ ಪಟ್ಟಿ ಸಾಕಾಗಿತ್ತು. 1939ರಲ್ಲಿ ಆ ಪದ್ಧತಿ ಬದಲಾಯಿತು. ಗೋದಾಮಿಗೆ ಹೋಗು, ಎಣಿಕೆ ನೋಡು, ಸಾಲಗಾರನಿಗೆ ನೇರವಾಗಿ ಪತ್ರ ಬರೆದು ಕೇಳು.

ಇವತ್ತಿಗೂ ಡಿಸೆಂಬರ್ 31ಕ್ಕೆ ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಗೋದಾಮುಗಳಲ್ಲಿ ನಮ್ಮಂಥವರು ಧೂಳು ಕುಡಿಯುತ್ತ ನಿಂತು ಪೆಟ್ಟಿಗೆ ಎಣಿಸುವುದು ಆ ಮ್ಯೂಸಿಕಾನ ಕೃಪೆಯಿಂದ. ಎಣಿಸುವುದಷ್ಟೇ ಅಲ್ಲ, ನಡುವೆ ಒಂದೆರಡು ಪೆಟ್ಟಿಗೆಯನ್ನು ಬಿಚ್ಚಿಸಿಯೂ ನೋಡುತ್ತೇವೆ. ಮೇಲಿನ ಚೀಟಿ ಸರಿಯಿದೆ ಎಂದ ಮಾತ್ರಕ್ಕೆ ಒಳಗಿನ ಮಾಲು ಸರಿಯಿರಬೇಕೆಂದಿಲ್ಲ.

ಒಂದೇ ವರ್ಷದಲ್ಲಿ ಔಷಧದ ಜಗತ್ತು ಮತ್ತು ಲೆಕ್ಕದ ಜಗತ್ತು ಕಲಿತ ಪಾಠ ಒಂದೇ: ಮಾರುವವನ ಮಾತನ್ನೇ ಪುರಾವೆ ಎಂದು ತೆಗೆದುಕೊಳ್ಳಬೇಡ.

ನಮ್ಮ ದೇಶದ ದಾರಿ

ಭಾರತದಲ್ಲಿ 1930ರಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧ ವಿಚಾರಣಾ ಸಮಿತಿ ನೇಮಕವಾಯಿತು. ಅದರ ಫಲವಾಗಿ 1940ರ ಔಷಧ ಕಾಯಿದೆ ಬಂತು. ಪವಾಡದ ಮದ್ದುಗಳ ಜಾಹೀರಾತಿಗೆ ಕಡಿವಾಣ ಹಾಕುವ ಕಾಯಿದೆ 1954ರಲ್ಲಿ ಬಂತು. ಆಯುರ್ವೇದ ಮತ್ತು ಯುನಾನಿ ಔಷಧಗಳ ತಯಾರಿಕೆ 1964ರ ತಿದ್ದುಪಡಿಯಿಂದ ಕಾಯಿದೆಯೊಳಗೆ ಬಂತು. ಆದರೂ 1986ರಲ್ಲಿ ಮುಂಬಯಿಯ ಜೆಜೆ ಆಸ್ಪತ್ರೆಯಲ್ಲಿ 14 ರೋಗಿಗಳು ಸತ್ತರು. ಅವರಿಗೆ ಕೊಟ್ಟ ಗ್ಲಿಸರಿನ್‌ನಲ್ಲಿ ಸೇರಿದ್ದು ಅದೇ ಡೈಎಥಿಲೀನ್ ಗ್ಲೈಕಾಲ್. ನ್ಯಾಯಮೂರ್ತಿ ಲೆಂಟಿನ್ ಆಯೋಗ ಅದನ್ನು ವಿಚಾರಿಸಿತು. ಕಾನೂನು ಇರುವುದು ಬೇರೆ, ಪೆಟ್ಟಿಗೆ ಬಿಚ್ಚಿ ನೋಡುವುದು ಬೇರೆ.

ಪೂರಕ ಆಹಾರ, ಅಂದರೆ ನಾವು ಸಪ್ಲಿಮೆಂಟ್ ಎನ್ನುವುದು, ಬಂದದ್ದು 2006ರ ಆಹಾರ ಸುರಕ್ಷತಾ ಕಾಯಿದೆಯ ಕೆಳಗೆ. ಅದರ ವಿವರವಾದ ನಿಯಮಗಳು 2016ರಲ್ಲಿ ಪ್ರಕಟವಾದವು. ಅವುಗಳ ಪ್ರಕಾರ ಇಂಥ ಉತ್ಪನ್ನದಲ್ಲಿ ಹಾರ್ಮೋನು, ಸ್ಟೀರಾಯ್ಡ್, ಮನಸ್ಸಿನ ಮೇಲೆ ಪರಿಣಾಮ ಮಾಡುವ ಔಷಧ ಇರಬಾರದು. ನಿಯಮವೇನೋ ಸ್ಪಷ್ಟವಾಗಿದೆ.

ಮತ್ತೆ ಮಾತಿನ ಮೇಲೆ ನಂಬಿಕೆ

ಈಗ 1994ಕ್ಕೆ ಬರೋಣ. ಆ ವರ್ಷ ಅಮೆರಿಕದಲ್ಲಿ ಪೂರಕ ಆಹಾರಕ್ಕೆಂದೇ ಹೊಸ ಕಾನೂನು ಬಂತು. ಅದರ ಪ್ರಕಾರ ವಿಟಮಿನ್, ಗಿಡಮೂಲಿಕೆ ಮುಂತಾದವು ಔಷಧವಲ್ಲ, ಆಹಾರದ ಒಂದು ಬಗೆ. ಮಾರುವ ಮೊದಲು ಅನುಮತಿ ಬೇಡ. ಅಪಾಯವಿದೆ ಎಂದಾದರೆ ಅದನ್ನು ಸಾಬೀತು ಮಾಡುವ ಹೊಣೆ ಸರ್ಕಾರದ್ದು. ಲೇಬಲ್ಲಿನಲ್ಲಿ ಹೇಳದೆ ಔಷಧ ಬೆರೆಸುವುದು ಆ ಕಾನೂನಿನಲ್ಲೂ ಅಪರಾಧವೇ. ಆದರೆ ಬೆರೆಸಿದ್ದಾರೆಂದು ಗೊತ್ತಾಗುವುದು ಮಾಲು ಅಂಗಡಿಗೆ ಬಂದ ಮೇಲೆ, ಎಷ್ಟೋ ಸಲ ಯಾರಾದರೂ ಆಸ್ಪತ್ರೆಗೆ ಸೇರಿದ ಮೇಲೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, 1938ರಲ್ಲಿ ಬಿಟ್ಟುಬಂದ 'ಆಡಳಿತ ಕೊಟ್ಟ ಪಟ್ಟಿಯೇ ಸಾಕು' ಎಂಬ ಪದ್ಧತಿ ಈ ಒಂದು ಕಪಾಟಿಗೆ ಮಾತ್ರ ವಾಪಸು ಬಂತು. ಈ ಸರಕು ಜಗತ್ತಿನೆಲ್ಲೆಡೆ ಹೋಗುತ್ತದೆ, ಕೊಲ್ಲಿಗೂ ಬರುತ್ತದೆ.

ಬೆರಕೆ ಮಾಡುವವರು ಯಾವ ಔಷಧ ಆರಿಸುತ್ತಾರೆ? ಗಿರಾಕಿಗೆ ಮೂರು ದಿನದಲ್ಲಿ ಗುಣ ಕಾಣಬೇಕು, ಅಂಥದ್ದು. ಬೇರು, ತೊಗಟೆ, ಹಸಿರು ಚಹಾದ ಸಾರ ಅಷ್ಟು ಬೇಗ ಕೆಲಸ ಮಾಡುವುದಿಲ್ಲ. ಆದ್ದರಿಂದ ಮಂಡಿನೋವಿನ ಗುಳಿಗೆಗೆ ನೋವುನಿವಾರಕ ಮತ್ತು ಸ್ಟೀರಾಯ್ಡ್, ತೂಕದ ಕ್ಯಾಪ್ಸೂಲಿಗೆ ಹಸಿವು ಕೊಲ್ಲುವ ಔಷಧ, 'ಶಕ್ತಿ'ಯ ಡಬ್ಬಿಗೆ ಸಿಲ್ಡೆನಾಫಿಲ್, ಮೈಕಟ್ಟಿನ ಪುಡಿಗೆ ಅನಬಾಲಿಕ್ ಸ್ಟೀರಾಯ್ಡ್. 1975ರಷ್ಟು ಹಿಂದೆಯೇ ಅಮೆರಿಕದ ವೈದ್ಯರು ಗಿಡಮೂಲಿಕೆಯ ಸಂಧಿವಾತದ ಗುಳಿಗೆ ನುಂಗಿ ರಕ್ತದ ಬಿಳಿ ಕಣಗಳು ಕುಸಿದುಹೋದ ನಾಲ್ವರು ರೋಗಿಗಳ ವರದಿ ಮಾಡಿದ್ದರು. ಗುಳಿಗೆಯೊಳಗೆ ಇದ್ದದ್ದು ಅಮಿನೋಪೈರಿನ್ ಮತ್ತು ಫಿನೈಲ್‌ಬ್ಯುಟಾಜೋನ್. 2022ರಲ್ಲಿ 'ಆರ್ಟ್ರಿ ಕಿಂಗ್' ಎಂಬ ಕೀಲುನೋವಿನ ಉತ್ಪನ್ನದಲ್ಲಿ ಡಿಕ್ಲೋಫೆನಾಕ್ ಮತ್ತು ಡೆಕ್ಸಾಮೆಥಾಸೋನ್ ಇದೆ ಎಂದು ಅಮೆರಿಕದ ಔಷಧ ಆಡಳಿತ ಎಚ್ಚರಿಸಿತು. ನಡುವೆ ನಲವತ್ತೇಳು ವರ್ಷ ಕಳೆದಿದ್ದರೂ ತಂತ್ರ ಬದಲಾಗಿಲ್ಲ.

ತೂಕದ ಕಥೆ ಇನ್ನೂ ವಿಚಿತ್ರ. ಫೆನ್‌ಫ್ಲುರಮೈನ್ ಎಂಬ ಔಷಧವನ್ನು ಹೃದಯದ ಕವಾಟಗಳಿಗೆ ಹಾನಿ ಎಂದು 1997ರಲ್ಲಿ ಮಾರುಕಟ್ಟೆಯಿಂದ ತೆಗೆದರು. 2002ರಲ್ಲಿ ಸಿಂಗಪುರದಲ್ಲಿ 'ಸ್ಲಿಮ್ 10' ಎಂಬ ಗುಳಿಗೆಯಲ್ಲಿ ಅದರ ಬಂಧುವೊಂದು ಸಿಕ್ಕಿತು. ಆ ಗುಳಿಗೆ ನುಂಗಿದ್ದ ನಟಿ ಆಂಡ್ರಿಯಾ ಡಿಕ್ರೂಜ್ ಅವರ ಯಕೃತ್ತು ಕೈಕೊಟ್ಟಿತು, ಬೇರೊಬ್ಬರ ಯಕೃತ್ತಿನ ಭಾಗ ಕಸಿ ಮಾಡಿ ಉಳಿಸಬೇಕಾಯಿತು. ಆಮೇಲೆ ಸಿಬುಟ್ರಮೈನ್. ಸುಮಾರು ಹತ್ತು ಸಾವಿರ ಜನರ ಮೇಲಿನ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದ ಘಟನೆಗಳು ಅದನ್ನು ತೆಗೆದುಕೊಂಡವರಲ್ಲಿ ಶೇ. 11.4, ಬರೀ ಪೊಳ್ಳು ಮಾತ್ರೆ ತೆಗೆದುಕೊಂಡವರಲ್ಲಿ ಶೇ. 10. 2010ರಲ್ಲಿ ಯುರೋಪ್ ಮತ್ತು ಅಮೆರಿಕದಲ್ಲಿ, 2011ರಲ್ಲಿ ಭಾರತದಲ್ಲಿ ಅದು ನಿಂತಿತು. ಔಷಧದಂಗಡಿಯ ಮುಂಬಾಗಿಲಿನಿಂದ ಹೊರಗೆ ಹೋದದ್ದು 'ನೂರಕ್ಕೆ ನೂರು ನೈಸರ್ಗಿಕ' ಎಂಬ ಲೇಬಲ್ ಅಂಟಿಸಿಕೊಂಡು ಹಿತ್ತಲ ಬಾಗಿಲಿನಿಂದ ಒಳಗೆ ಬಂತು.

2007ರಿಂದ 2016ರವರೆಗೆ ಅಮೆರಿಕದ ಔಷಧ ಆಡಳಿತ ಇಂಥ 776 ಉತ್ಪನ್ನಗಳನ್ನು ಪಟ್ಟಿ ಮಾಡಿತ್ತು. ಅವುಗಳಲ್ಲಿ 353 ಲೈಂಗಿಕ ಶಕ್ತಿಯ ಹೆಸರಿನವು, 317 ತೂಕದವು, 92 ಮಾಂಸಖಂಡದವು. 157 ಉತ್ಪನ್ನಗಳಲ್ಲಿ ಒಂದಕ್ಕಿಂತ ಹೆಚ್ಚು ಔಷಧ ಬೆರೆತಿದ್ದವು. ಇದು ಸಿಕ್ಕಿಬಿದ್ದವರ ಲೆಕ್ಕ ಮಾತ್ರ.

ಸಿಂಗಪುರದ 2008ರ ಪ್ರಕರಣ ಎಲ್ಲಕ್ಕಿಂತ ಭಯ ಹುಟ್ಟಿಸುವಂಥದ್ದು. ಆ ವರ್ಷದ ಮೊದಲ ಐದು ತಿಂಗಳಲ್ಲಿ 150 ಜನ ಸಕ್ಕರೆ ಅಂಶ ಕುಸಿದು ಸರ್ಕಾರಿ ಆಸ್ಪತ್ರೆಗಳಿಗೆ ಸೇರಿದರು. ಒಬ್ಬರನ್ನು ಬಿಟ್ಟು ಎಲ್ಲರೂ ಗಂಡಸರು, ಯಾರಿಗೂ ಸಕ್ಕರೆ ಕಾಯಿಲೆ ಇರಲಿಲ್ಲ. ಕಾಮೋತ್ತೇಜಕ ಎಂದು ಕದ್ದು ಮಾರುತ್ತಿದ್ದ ಮಾತ್ರೆಗಳಲ್ಲಿ ಗ್ಲೈಬೆನ್‌ಕ್ಲಮೈಡ್ ಎಂಬ ಸಕ್ಕರೆ ಕಾಯಿಲೆಯ ಔಷಧ ಸೇರಿತ್ತು. ಏಳು ಜನ ಪ್ರಜ್ಞೆಗೆ ಮರಳಲಿಲ್ಲ, ಅವರಲ್ಲಿ ನಾಲ್ವರು ಸತ್ತರು. ಸಕ್ಕರೆ ಇಳಿಸುವ ಔಷಧದಿಂದ ಆ ಮಾತ್ರೆಯ ಮಾರಾಟಗಾರನಿಗೆ ಯಾವ ಲಾಭವೂ ಇಲ್ಲ. ಕಳ್ಳ ಕಾರ್ಖಾನೆಯಲ್ಲಿ ಯಾವ ಪುಡಿ ಯಾವ ಡಬ್ಬಿಗೆ ಹೋಗುತ್ತದೆ ಎಂಬುದಕ್ಕೆ ಲೆಕ್ಕವಿಲ್ಲ, ಅಷ್ಟೆ.

ಸಿದ್ದಾಪುರದ ಓಟಗಾರ್ತಿ

ಉಡುಪಿ ಜಿಲ್ಲೆಯ ಸಿದ್ದಾಪುರದ ಕಡೆಯ ಕೃಷಿಕ ಕುಟುಂಬದಲ್ಲಿ ಹುಟ್ಟಿದ ಅಶ್ವಿನಿ ಅಕ್ಕುಂಜಿ 2010ರಲ್ಲಿ ನಮಗೆಲ್ಲ ಹೆಮ್ಮೆ ತಂದವರು. ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 4x400 ಮೀಟರ್ ರಿಲೇ ಚಿನ್ನ. ಮುಂದಿನ ತಿಂಗಳೇ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ, ಮತ್ತೆ ರಿಲೇ ಚಿನ್ನ. ನಾಲ್ಕು ವರ್ಷ ಮೊದಲು ಅದೇ ಏಷ್ಯನ್ ಕ್ರೀಡಾಕೂಟ ನಮ್ಮ ಈ ದೋಹಾದಲ್ಲೇ ನಡೆದಿತ್ತು.

2011ರಲ್ಲಿ ಅವರ ಮತ್ತು ಇತರ ಕೆಲವು ಓಟಗಾರ್ತಿಯರ ಮೂತ್ರದಲ್ಲಿ ಅನಬಾಲಿಕ್ ಸ್ಟೀರಾಯ್ಡ್ ಸಿಕ್ಕಿತು. ತಮ್ಮ ಉಕ್ರೇನಿನ ತರಬೇತುದಾರ ಚೀನಾದಲ್ಲಿ ಕೊಂಡು ತಂದ ಜಿನ್‌ಸೆಂಗ್ ಗುಳಿಗೆಯಿಂದ ಅದು ಬಂತು ಎಂದು ಆಟಗಾರ್ತಿಯರು ಹೇಳಿದರು. ತರಬೇತುದಾರನನ್ನು ಕೆಲಸದಿಂದ ತೆಗೆದರು. ಆ ವರ್ಷದ ಡಿಸೆಂಬರ್‌ನಲ್ಲಿ ಭಾರತದ ಶಿಸ್ತು ಸಮಿತಿ ಜಿನ್‌ಸೆಂಗ್‌ನ ಮಾತನ್ನು ಒಪ್ಪಿ, ಶಿಕ್ಷೆಯನ್ನು ಒಂದು ವರ್ಷಕ್ಕೆ ಇಳಿಸಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಮೇಲ್ಮನವಿ ಹೋಯಿತು. 2012ರಲ್ಲಿ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಅವರಿಗೆ ತಪ್ಪಿತು.

ಯಾರು ಸರಿ, ಯಾರು ತಪ್ಪು ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಅದು ಆಗಿಹೋಗಿದೆ. ಆದರೆ ಆ ಪ್ರಕರಣದ ಹಿಂದಿರುವ ನಿಯಮವನ್ನು ಗಮನಿಸಿ: ನಿನ್ನ ದೇಹದಲ್ಲಿ ಸಿಕ್ಕಿದ್ದಕ್ಕೆ ನೀನೇ ಹೊಣೆ. ಗುಳಿಗೆ ಕೊಂಡವರು ಯಾರೋ, ತಯಾರಿಸಿದವರು ಯಾರೋ. ಅವರ ಸಾಲ ಬಂದು ಕೂತದ್ದು ಆ ಹೆಣ್ಣುಮಕ್ಕಳ ಖಾತೆಯಲ್ಲಿ.

ಇಂಥ ಬೆರಕೆ ಅಪರೂಪವೂ ಅಲ್ಲ. ಜರ್ಮನಿಯ ಕಲೋನ್ ಪ್ರಯೋಗಾಲಯ 2000 ಮತ್ತು 2001ರಲ್ಲಿ 13 ದೇಶಗಳಿಂದ ಹಾರ್ಮೋನು ಅಲ್ಲದ 634 ಪೂರಕ ಆಹಾರಗಳನ್ನು ಕೊಂಡು ಪರೀಕ್ಷಿಸಿತ್ತು. 94ರಲ್ಲಿ, ಅಂದರೆ ಶೇ. 14.8ರಲ್ಲಿ, ಲೇಬಲ್ಲಿನಲ್ಲಿ ಹೇಳದ ಹಾರ್ಮೋನು ಸಂಬಂಧಿ ಪದಾರ್ಥಗಳಿದ್ದವು. ಸರಿಸುಮಾರು ಏಳರಲ್ಲಿ ಒಂದು. ಲೆಕ್ಕಪರಿಶೋಧನೆಯಲ್ಲಿ ಏಳು ವೋಚರಿಗೆ ಒಂದು ಸುಳ್ಳು ಸಿಕ್ಕರೆ ನಾವು ಆ ಪುಸ್ತಕವನ್ನೇ ಮುಚ್ಚಿಡುತ್ತೇವೆ.

ದೋಹಾದಲ್ಲಿ ನಾವು

ಈಗ ನಮ್ಮ ಮನೆಗಳಿಗೆ ಬರೋಣ. ಅರವತ್ತಕ್ಕೆ ಹತ್ತಿರವಾದ ಹಿರಿಯರು, ಬಿಪಿ ಮಾತ್ರೆ ನುಂಗುವ ನನ್ನ ವಯಸ್ಸಿನವರು, ಜಿಮ್‌ಗೆ ಹೋಗುವ ಹುಡುಗರು, ಹೆರಿಗೆಯ ನಂತರ ತೂಕ ಇಳಿಸಬೇಕೆಂಬ ತಂಗಿಯರು, ಬಿಸಿಲಿನಲ್ಲಿ ಹತ್ತು ಗಂಟೆ ದುಡಿದು ಸೊಂಟ ಹಿಡಿದುಕೊಳ್ಳುವ ಕಾರ್ಮಿಕ ಅಣ್ಣಂದಿರು, ಎಲ್ಲರೂ ಈ ಸರಕಿನ ಗಿರಾಕಿಗಳೇ. ಮಾಲು ಬರುವ ದಾರಿ ನಮಗೆಲ್ಲ ಗೊತ್ತು: ರಜೆಯಿಂದ ಬರುವವರ ಸೂಟ್‌ಕೇಸ್, ಆನ್‌ಲೈನ್ ಪಾರ್ಸಲ್, ವಾಟ್ಸ್‌ಆ್ಯಪ್ ಗುಂಪಿನ 'ನಮ್ಮವರೇ ಮಾರುತ್ತಾರೆ' ಎಂಬ ಸಂದೇಶ.

ಇದರಲ್ಲಿ ಅಪಾಯ ಎರಡು ಬಗೆ. ಮೊದಲನೆಯದು ದೇಹದ್ದು. ಹೃದಯದ ತೊಂದರೆಗೆ ನಾಲಿಗೆಯ ಕೆಳಗೆ ಸಾರ್ಬಿಟ್ರೇಟ್ ಇಡುವವರು ನಮ್ಮಲ್ಲಿ ಇದ್ದಾರೆ. ಅಂಥವರಿಗೆ ಸಿಲ್ಡೆನಾಫಿಲ್ ಕೊಡಬಾರದು, ರಕ್ತದೊತ್ತಡ ಪ್ರಾಣಕ್ಕೆ ಬರುವಷ್ಟು ಕುಸಿಯಬಹುದು ಎಂಬುದು ಪ್ರತಿ ವೈದ್ಯರಿಗೂ ಗೊತ್ತು. ಬರೆದುಕೊಟ್ಟರೆ ತಾನೆ ತಡೆಯುವುದು? ಡಬ್ಬಿಯ ಮೇಲೆ ಅಶ್ವಗಂಧ ಎಂದಷ್ಟೇ ಇದ್ದರೆ ವೈದ್ಯರಿಗೂ ತಿಳಿಯದು, ನುಂಗಿದವನಿಗೂ ತಿಳಿಯದು. ಇನ್ನು ಗುಪ್ತ ಸ್ಟೀರಾಯ್ಡ್: ಸಕ್ಕರೆ ಏರುತ್ತದೆ, ಬಿಪಿ ಏರುತ್ತದೆ, ಎಲುಬು ಸವೆಯುತ್ತದೆ. ತಿಂಗಳುಗಟ್ಟಲೆ ನುಂಗಿದರೆ ದೇಹ ತಾನೇ ತಯಾರಿಸುವ ಹಾರ್ಮೋನನ್ನು ನಿಲ್ಲಿಸಿಬಿಡುತ್ತದೆ. ಆದ್ದರಿಂದ ಅನುಮಾನ ಬಂತೆಂದು ದಿಢೀರನೆ ನಿಲ್ಲಿಸುವುದೂ ಅಪಾಯ. ಡಬ್ಬಿ ಸಮೇತ ವೈದ್ಯರ ಬಳಿ ಹೋಗಬೇಕು.

ಎರಡನೆಯದು ಕಾನೂನಿನದು. ಟ್ರಾಮಡಾಲ್, ಪ್ರೆಗಬಾಲಿನ್, ಕೊಡೀನ್, ಅಲ್ಪ್ರಜೋಲಾಮ್ ಮುಂತಾದವು ಊರಿನಲ್ಲಿ ಮಾಮೂಲಿ ಔಷಧಗಳಾಗಿದ್ದರೂ ಕತಾರಿನಲ್ಲಿ ನಿಯಂತ್ರಿತ ವಸ್ತುಗಳು. ವೈದ್ಯರ ಚೀಟಿ, ದಾಖಲೆ ಇಲ್ಲದೆ ತಂದರೆ ವಿಮಾನ ನಿಲ್ದಾಣದಲ್ಲೇ ಕಷ್ಟ. ಇದನ್ನು ಭಾರತೀಯ ರಾಯಭಾರ ಕಚೇರಿಯೂ ಮತ್ತೆ ಮತ್ತೆ ಹೇಳಿದೆ. ಗುರುತಿಲ್ಲದ ನೋವಿನ ಗುಳಿಗೆಯಲ್ಲಿ ಏನಿದೆ ಎಂದು ತಂದವನಿಗೇ ಗೊತ್ತಿಲ್ಲದಿದ್ದರೆ ಅಧಿಕಾರಿಗೆ ಏನು ವಿವರಣೆ ಕೊಡುತ್ತಾನೆ? 'ಪಕ್ಕದ ಮನೆಯವರ ಭಾವ ಕೊಟ್ಟು ಕಳಿಸಿದ್ದು' ಎಂಬುದು ದಾಖಲೆಯಲ್ಲ. ಒಬ್ಬನ ದುಡಿಮೆಯ ಮೇಲೆ ಊರಿನಲ್ಲಿ ಆರು ಜನ ಕೂತಿರುವಾಗ ಆ ಒಂದು ಡಬ್ಬಿಯ ಬೆಲೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ.

ಈ ದೇಶದಲ್ಲಿ ಪೆಟ್ಟಿಗೆ ಬಿಚ್ಚಿ ನೋಡುವ ವ್ಯವಸ್ಥೆ ಇದೆ. ಆರೋಗ್ಯ ಸಚಿವಾಲಯದ ಕೆಳಗೆ ಔಷಧ ನಿಯಂತ್ರಣ ವಿಭಾಗವಿದೆ. ದೋಹಾದ ಉದ್ದೀಪನ ಮದ್ದು ತಡೆ ಪ್ರಯೋಗಾಲಯಕ್ಕೆ 2015ರಲ್ಲಿ ವಿಶ್ವ ಸಂಸ್ಥೆ ವಾಡಾದ ಮಾನ್ಯತೆ ಸಿಕ್ಕಿದೆ. ಆದರೆ ಸೂಟ್‌ಕೇಸಿನಲ್ಲಿ, ಕೈಯಿಂದ ಕೈಗೆ ಬರುವ ಮಾಲು ಈ ಯಾವ ಬಾಗಿಲನ್ನೂ ದಾಟಿ ಬಂದಿರುವುದಿಲ್ಲ.

ಕೊಳ್ಳುವ ಮೊದಲು ನಾಲ್ಕು ಪ್ರಶ್ನೆ

ಕೊಳ್ಳುವ ಮೊದಲು ನಾವೇ ಒಂದು ಸಣ್ಣ ಆಡಿಟ್ ಮಾಡಬಹುದು.

ಒಂದು, ಇದು ಪರವಾನಗಿ ಇರುವ ಔಷಧದಂಗಡಿಯಿಂದ ಬಿಲ್ ಸಮೇತ ಬಂದಿದೆಯೇ? ಬಿಲ್ ಇಲ್ಲದ ಮಾಲಿಗೆ ಯಜಮಾನ ಇರುವುದಿಲ್ಲ.

ಎರಡು, ಇದು ಹೇಳಿಕೊಳ್ಳುವ ಗುಣ ನಂಬುವಂಥದ್ದೇ? ಹತ್ತು ದಿನದಲ್ಲಿ ಹತ್ತು ಕಿಲೋ, ಮೂರೇ ದಿನದಲ್ಲಿ ನೋವು ಮಾಯ. ಒಂದು ಕಂಪನಿ ಇಂಥ ಲಾಭ ತೋರಿಸಿದರೆ ನಾವು ಮೊದಲು ಹುಡುಕುವುದು ಮುಚ್ಚಿಟ್ಟ ಸಾಲವನ್ನು. ಇಲ್ಲಿ ಮುಚ್ಚಿಟ್ಟಿರುವುದು ಔಷಧವನ್ನು. ನಿಜವಾಗಿ 'ಕೆಲಸ ಮಾಡುವ' ಡಬ್ಬಿಯ ಬಗ್ಗೆಯೇ ಹೆಚ್ಚು ಅನುಮಾನ ಇರಲಿ.

ಮೂರು, ತೋರಿಸುವ ಪ್ರಯೋಗಾಲಯದ ಪ್ರಮಾಣಪತ್ರ ಯಾವ ಬ್ಯಾಚಿನದು? ಕಳೆದ ವರ್ಷದ ಆಡಿಟ್ ವರದಿ ಈ ವರ್ಷದ ಲೆಕ್ಕಕ್ಕೆ ಸಾಲದು. ಒಂದು ಬ್ಯಾಚು ಶುದ್ಧವಿದ್ದ ಮಾತ್ರಕ್ಕೆ ಮುಂದಿನದು ಶುದ್ಧವಿರಬೇಕೆಂದಿಲ್ಲ.

ನಾಲ್ಕು, ಇದನ್ನು ನುಂಗುತ್ತಿದ್ದೇನೆಂದು ನನ್ನ ವೈದ್ಯರಿಗೆ ಹೇಳಲು ನಾನು ಸಿದ್ಧನಿದ್ದೇನೆಯೇ? ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. 776ರಲ್ಲಿ ಹೆಚ್ಚಿನ ಪಾಲು ಯಾವ ವರ್ಗದ್ದು ಎಂದು ಕೇಳಿದಿರಿ. ನಾಚಿಕೆಯೇ ಈ ವ್ಯಾಪಾರದ ಬಂಡವಾಳ. ನೇರವಾಗಿ ಕೇಳಲು ಸಂಕೋಚಪಡುವವನಿಗೇ ಗುಟ್ಟಿನ ಡಬ್ಬಿ ಬೇಕಾಗುತ್ತದೆ. ಆದ್ದರಿಂದ ಸಂಘದ ಆರೋಗ್ಯ ಶಿಬಿರಗಳಲ್ಲಿ ನಮ್ಮ ವೈದ್ಯ ಮಿತ್ರರು 'ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ, ಇದ್ದರೆ ಡಬ್ಬಿ ತನ್ನಿ' ಎಂದು ಬೈಯದೆ, ನಗದೆ ಕೇಳಬೇಕೆಂದು ನನ್ನ ವಿನಂತಿ. ಯಾರೂ ಮುಖ ಕೆಡಿಸಿಕೊಳ್ಳದೆ ಹೇಳಿಕೊಳ್ಳುವಂತಾದರೆ ಅರ್ಧ ಅಪಾಯ ಅಲ್ಲೇ ಕಳೆಯುತ್ತದೆ.

ಬಂಧುಗಳೇ, 1937ರ ಆ ಬಾಟಲಿಯಿಂದ 2011ರ ಆ ಜಿನ್‌ಸೆಂಗ್‌ವರೆಗೆ ನುಂಗಿದವರಲ್ಲಿ ಯಾರೂ ಮೂರ್ಖರಲ್ಲ. ಅವರು ಲೇಬಲ್ ನಂಬಿದರು, ತಂದುಕೊಟ್ಟವರನ್ನು ನಂಬಿದರು. ನಂಬಿಕೆ ಒಳ್ಳೆಯ ಗುಣವೇ, ಅದಿಲ್ಲದೆ ಪರದೇಶದಲ್ಲಿ ನಾವು ಹೀಗೆ ಒಂದು ಸಂಘ ಕಟ್ಟಿಕೊಂಡು ಬದುಕಲಾಗುತ್ತಿರಲಿಲ್ಲ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹೇಳಿದವರೂ ನಮ್ಮ ಹಿರಿಯರೇ. ಮುಂದಿನ ಸಲ ಊರಿನಿಂದ ಬರುವಾಗ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ತನ್ನಿ, ಹಪ್ಪಳ ತನ್ನಿ, ನಮಗೂ ಸ್ವಲ್ಪ ಕೊಡಿ. ಹೆಸರಿಲ್ಲದ ಗುಳಿಗೆಯನ್ನು ಮಾತ್ರ ನಿಮಗಾಗಿಯೂ ತರಬೇಡಿ, ಬೇರೆಯವರಿಗಾಗಿಯೂ ತರಬೇಡಿ.